ಅಕ್ಕನ ಎಡಗಿವಿ: ಸುಮ್ನೆ ಕೂತ ಐದು ದಿನ, ಆಮೇಲಿನ ಆರು ತಿಂಗಳು

ನನ್ನ ಅಕ್ಕನಿಗೆ 46 ವರ್ಷ. ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಒಂದು ಸೋಮವಾರ ಬೆಳಗ್ಗೆ ಎದ್ದಾಗ ಅವಳ ಎಡಗಿವಿ ಕಟ್ಟಿಕೊಂಡಿತ್ತು. ನೋವಿಲ್ಲ, ಸೋರುತ್ತಿಲ್ಲ, ಜ್ವರ ಇಲ್ಲ. ಸ್ನಾನ ಮಾಡುವಾಗ ಕಿವಿಯೊಳಗೆ ನೀರು ಹೋಗಿ ಕೂತರೆ ಹೇಗಿರುತ್ತದೋ ಹಾಗಿತ್ತಂತೆ. ಜೊತೆಗೆ ಒಳಗಿನಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು. ಅಷ್ಟೇ.

ಅದು ದಿಢೀರ್ ನರ ಸಂಬಂಧಿ ಕಿವುಡು, ಅಂದರೆ ಒಳಗಿವಿ ಇದ್ದಕ್ಕಿದ್ದಂತೆ ಕೈಕೊಡುವ ಕಾಯಿಲೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ಅಲ್ಲಿಂದ ಆರು ತಿಂಗಳು ಡಾಕ್ಟರ ಹತ್ತಿರ, ಪರೀಕ್ಷೆಗೆ, ಸ್ಕ್ಯಾನಿಗೆ, ಎಲ್ಲ ಕಡೆ ಅವಳ ಜೊತೆ ಹೋದವಳು ನಾನು. ಯಾವ ದಿನ ಯಾವ ಮಾತ್ರೆ, ಆಡಿಯೋಗ್ರಾಂನಲ್ಲಿ (ಕಿವಿಗೆ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಪರೀಕ್ಷೆ) ಎಷ್ಟು ಬಂತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಈಗ ಅದನ್ನೇ ಮುಂದೆ ಇಟ್ಟುಕೊಂಡು, ಅಕ್ಕನನ್ನು ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. "ಏನು ಬೇಕಾದರೂ ಬರಿ, ಆದರೆ ಐದು ದಿನ ಸುಮ್ನೆ ಕೂತಿದ್ದನ್ನ ಮೊದಲು ಬರಿ" ಅಂದಳು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲ ಐದು ದಿನ

ಸೋಮವಾರ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಗುಗ್ಗೆ ಕಟ್ಟಿರಬೇಕು ಅಂದುಕೊಂಡು ಕಿವಿಗೆ ಹಾಕುವ ಡ್ರಾಪ್ಸ್ ತಂದು ಬಿಟ್ಟುಕೊಂಡಳು. ಮಂಗಳವಾರ ಶಾಲೆಯಲ್ಲಿ ಫೋನ್ ಬಂತು, ಅಭ್ಯಾಸದಂತೆ ಎಡಗಿವಿಗೆ ಹಿಡಿದಳು, ಆ ಕಡೆಯವರ ಮಾತು ಒಡೆದ ಸ್ಪೀಕರಿನಿಂದ ಬಂದ ಹಾಗೆ ಬಂತು. ಫೋನೇ ಕೆಟ್ಟಿದೆ ಅಂತ ಆಫ್ ಮಾಡಿ ಆನ್ ಮಾಡಿದಳು. ಆಮೇಲೆ ಯಾಕೋ ಬಲಗಿವಿಗೆ ಹಿಡಿದರೆ ಮಾತು ಸ್ಪಷ್ಟ! ಕೆಟ್ಟಿದ್ದು ಫೋನಲ್ಲ ಅಂತ ಅವಳಿಗೆ ಗೊತ್ತಾಗಿದ್ದು ಆಗ.

ಬುಧವಾರ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಕಿವಿಯೊಳಗೆ ಲೈಟ್ ಬಿಟ್ಟು ನೋಡಿದರು. ಗುಗ್ಗೆ ಇಲ್ಲ, ಕಿವಿಯ ತಮಟೆ ಚೆನ್ನಾಗಿದೆ, ನೆಗಡಿಯಿಂದ ಮೂಗಿಗೂ ಕಿವಿಗೂ ನಡುವಿನ ನಾಳ ಕಟ್ಟಿರಬಹುದು ಅಂತ ಮೂಗಿನ ಡ್ರಾಪ್ಸ್ ಕೊಟ್ಟು, ವಾರ ಬಿಟ್ಟು ಬನ್ನಿ ಅಂದರು. ಅಕ್ಕನಿಗೆ ನೆಗಡಿಯೇ ಇರಲಿಲ್ಲ. ಆದರೂ ಡಾಕ್ಟರೇ ಹೇಳಿದ ಮೇಲೆ ಇನ್ನೇನು ಅಂತ ಸಮಾಧಾನ ಮಾಡಿಕೊಂಡಳು. ನಾವೂ ಮಾಡಿಕೊಂಡೆವು.

ಈ ಕಾಯಿಲೆಯ ಮೋಸ ಇರುವುದೇ ಇಲ್ಲಿ. ಹೊರಗಿನಿಂದ ಕಿವಿ ಪೂರ್ತಿ ಸರಿಯಾಗಿ ಕಾಣುತ್ತದೆ. ಗುಗ್ಗೆ ಕಟ್ಟಿದಾಗ, ನೆಗಡಿಯಾದಾಗ ಹೇಗೆ ಅನ್ನಿಸುತ್ತದೋ ಇದರಲ್ಲೂ ಹಾಗೇ ಅನ್ನಿಸುತ್ತದೆ. ಹಾಗಾಗಿ ಒಳಗಿವಿಯೇ ಕೈ ಕೊಟ್ಟಿದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಲೈಟ್ ಬಿಟ್ಟು ನೋಡಿದಾಗ ಗುಗ್ಗೆಯೂ ಇಲ್ಲ, ತಮಟೆಯೂ ಚೆನ್ನಾಗಿದೆ ಅಂದರೆ ನಿಜಕ್ಕೂ ಅದು ಸಮಾಧಾನದ ಮಾತಲ್ಲ. ತಡೆ ಏನೂ ಇಲ್ಲ, ಆದರೂ ಕೇಳಿಸುತ್ತಿಲ್ಲ ಅಂದರೆ ತೊಂದರೆ ಇನ್ನೂ ಒಳಗಿದೆ ಅಂತ ಅರ್ಥ. ಅದು ನಮಗೆ ಅವತ್ತು ಗೊತ್ತಿರಲಿಲ್ಲ.

ಶನಿವಾರ ಅವಳ ಮಗಳು ಎಡಗಡೆಯಿಂದ "ಅಮ್ಮಾ" ಅಂತ ಕರೆದಳು. ಅಕ್ಕ ಬಲಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಹುಡುಗಿ ನಕ್ಕುಬಿಟ್ಟಳು, ಆಟ ಅಂದುಕೊಂಡಳು ಪಾಪ. ಅಕ್ಕ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನನಗೆ ಫೋನ್ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ನಾವು ಇಎನ್‌ಟಿ ಡಾಕ್ಟರ ಮುಂದೆ ಕೂತಿದ್ದೆವು. ಕಿವಿ ಹೋಗಿ ಅವತ್ತಿಗೆ ಆರನೇ ದಿನ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಬಾಯಿ ಮುಚ್ಚಿಕೊಂಡು ಮ್ಮ್ಮ್ ಅಂತ ಗುನುಗಿ ನೋಡಿ. ಈಗ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಮತ್ತೆ ಗುನುಗಿ. ಸದ್ದು ಮುಚ್ಚಿದ ಕಿವಿಯ ಕಡೆಗೇ ವಾಲುತ್ತದೆ, ಅಲ್ವಾ? ಗುಗ್ಗೆ ಅಥವಾ ನೆಗಡಿಯಿಂದ ಕಟ್ಟಿದ ಕಿವಿಯೂ ಹೀಗೆಯೇ, ಗುನುಗು ಕಟ್ಟಿದ ಕಡೆಗೇ ಜೋರಾಗಿ ಕೇಳಿಸುತ್ತದೆ. ಆದರೆ ಒಳಗಿವಿ ಅಥವಾ ನರದ ತೊಂದರೆಯಾದರೆ ಸದ್ದು ಚೆನ್ನಾಗಿರುವ ಕಿವಿಯ ಕಡೆ ಹೋಗುತ್ತದೆ. ಅಕ್ಕನಿಗೆ ಗುನುಗು ಬಲಕ್ಕೆ ಹೋಗುತ್ತಿತ್ತು. ಇದು ಪರೀಕ್ಷೆಗೆ ಬದಲಿ ಅಲ್ಲ, ಇದರಿಂದ ಯಾವುದೂ ಖಾತ್ರಿಯಾಗುವುದಿಲ್ಲ. ಗುನುಗು ಕಟ್ಟಿದ ಕಡೆಗೇ ಹೋಯಿತು ಅಂತ ಸುಮ್ಮನಿರುವುದೂ ಬೇಡ. ಆದರೆ ಚೆನ್ನಾಗಿರುವ ಕಡೆ ಹೋದರೆ ಒಂದು ದಿನವೂ ಕಾಯಬಾರದು. ಸೋಮವಾರವೇ ನಮಗೆ ಇದು ಗೊತ್ತಿದ್ದರೆ ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಪರೀಕ್ಷೆಯಲ್ಲಿ ಗೊತ್ತಾಗಿದ್ದು

ಇಎನ್‌ಟಿ ಡಾಕ್ಟರ್ ಮೊದಲು ಪ್ರಶ್ನೆ ಕೇಳಿದರು. ಮುಖದ ಒಂದು ಕಡೆ ಜೋಲು ಬಿದ್ದಿದೆಯಾ, ಮಾತು ತೊದಲುತ್ತಿದೆಯಾ, ಒಂದೇ ವಸ್ತು ಎರಡಾಗಿ ಕಾಣುತ್ತಿದೆಯಾ, ಕೈಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯಾ, ಜೋರು ತಲೆಸುತ್ತು ಇದೆಯಾ ಅಂತ. ಯಾವುದೂ ಇರಲಿಲ್ಲ. ಇವುಗಳಲ್ಲಿ ಏನಾದರೂ ಕಿವುಡಿನ ಜೊತೆ ಬಂದರೆ ಮಿದುಳಿನ ರಕ್ತ ಸಂಚಾರದ ತೊಂದರೆ ಇರಬಹುದು, ಆಗ ಕಿವಿ ಡಾಕ್ಟರ ಹತ್ತಿರ ಸಾಲಿನಲ್ಲಿ ಕೂರದೆ ನೇರವಾಗಿ ಎಮರ್ಜೆನ್ಸಿಗೆ ಹೋಗಬೇಕು ಅಂದರು.

ಆಮೇಲೆ ಟ್ಯೂನಿಂಗ್ ಫೋರ್ಕ್ ತಟ್ಟಿ ಅದರ ಬುಡವನ್ನು ಅಕ್ಕನ ಹಣೆಯ ಮಧ್ಯೆ ಇಟ್ಟರು.

"ಎಲ್ಲಿ ಕೇಳಿಸ್ತಿದೆಯಮ್ಮ? ಎಡಕ್ಕಾ, ಬಲಕ್ಕಾ, ನಡುವೆಯಾ?"

"ಬಲಕ್ಕೆ."

"ಇವತ್ತೇ ಆಡಿಯೋಗ್ರಾಂ ಮಾಡಿಸಿಬಿಡೋಣ" ಅಂದರು. ದನಿಯಲ್ಲಿ ಗಾಬರಿ ಇರಲಿಲ್ಲ. ಆದರೆ 'ಇವತ್ತೇ' ಅನ್ನುವುದನ್ನು ಒತ್ತಿ ಹೇಳಿದರು.

ಸದ್ದು ಬರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಎಡಗಿವಿಯನ್ನು ಪರೀಕ್ಷೆ ಮಾಡುವಾಗ ಬಲಗಿವಿಯಲ್ಲಿ ಶ್ಶ್ ಅಂತ ಒಂದು ಸದ್ದು ಬಿಟ್ಟಿದ್ದರು. ಅಕ್ಕನಿಗೆ ಅದು ಯಾಕೆ ಅಂತ ಅರ್ಥವಾಗಲಿಲ್ಲ. ಈ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಬಿಡಿಸಿ ಹೇಳಿದರು: ಎಡಕ್ಕೆ ಕೊಟ್ಟ ಜೋರು ಸದ್ದು ತಲೆಬುರುಡೆಯ ಮೂಲಕ ಬಲಗಿವಿಗೂ ಮುಟ್ಟುತ್ತದೆ, ಬಲಗಿವಿಯನ್ನು ಬೇರೆ ಸದ್ದಿನಲ್ಲಿ ತೊಡಗಿಸಿ ಇಡದಿದ್ದರೆ ಎಡಗಿವಿ ನಿಜಕ್ಕಿಂತ ಚೆನ್ನಾಗಿದೆ ಅಂತ ತಪ್ಪು ಲೆಕ್ಕ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಅವತ್ತಿನ ಅಂಕಿಗಳು ಹೀಗಿವೆ. ಬಲಗಿವಿ ಸರಾಸರಿ 15 ಡೆಸಿಬಲ್, ಅಂದರೆ ಸರಿಯಾಗಿದೆ. ಇನ್ನು ಸ್ವರದ ತಗ್ಗು, ಎತ್ತರ ಅಳೆಯುವುದು ಹರ್ಟ್ಸ್ ಲೆಕ್ಕದಲ್ಲಿ, ಅಂಕಿ ಹೆಚ್ಚಾದಷ್ಟೂ ಎತ್ತರದ ಸ್ವರ. ಎಡಗಿವಿ 500 ಹರ್ಟ್ಸ್‌ನಲ್ಲಿ 60, 1000ದಲ್ಲಿ 65, 2000ದಲ್ಲಿ 70, 4000ದಲ್ಲಿ 75. ಮೊದಲ ಮೂರರ ಸರಾಸರಿ 65. ಡೆಸಿಬಲ್ ಸಂಖ್ಯೆ ಜಾಸ್ತಿಯಾದಷ್ಟೂ ಕೇಳುವುದು ಕಡಿಮೆ ಅಂತ ಅರ್ಥ. ಪದಗಳನ್ನು ಜೋರಾಗಿ ಹೇಳಿ ವಾಪಸ್ ಹೇಳಿಸುವ ಪರೀಕ್ಷೆಯಲ್ಲಿ ಎಡಗಿವಿಗೆ ಬಂದಿದ್ದು ನೂರಕ್ಕೆ 36. ಕಿವಿ ತಮಟೆಯ ಹಿಂದೆ ಒತ್ತಡ ಹೇಗಿದೆ ಅಂತ ನೋಡುವ ಪರೀಕ್ಷೆ ಸರಿಯಾಗಿತ್ತು. ಅಂದರೆ ನಡುಕಿವಿಯಲ್ಲಿ ಏನೂ ಇಲ್ಲ.

ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಗಳಲ್ಲಾದರೂ (ಮೇಲೆ ಹೇಳಿದ ಹರ್ಟ್ಸ್ ಲೆಕ್ಕ) 30 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ, ಮೂರು ದಿನದೊಳಗೆ ಕೇಳುವ ಶಕ್ತಿ ಬಿದ್ದುಹೋದರೆ ಅದನ್ನು ದಿಢೀರ್ ನರ ಸಂಬಂಧಿ ಕಿವುಡು ಅಂತ ಕರೆಯುತ್ತಾರೆ. ಅಕ್ಕನದು ಅದೇ. ಹೆಚ್ಚಿನವರಿಗೆ ಒಂದೇ ಕಿವಿಗೆ ಆಗುತ್ತದೆ, ಎರಡಕ್ಕೂ ಒಟ್ಟಿಗೆ ಆಗುವುದು ತೀರಾ ಅಪರೂಪ. ಎಷ್ಟೋ ಜನ ಬೆಳಗ್ಗೆ ಎದ್ದಾಗಲೇ ಗಮನಿಸುತ್ತಾರೆ.

"ನಾನೇನು ತಪ್ಪು ಮಾಡಿದೆ ಡಾಕ್ಟ್ರೇ?" ಅಂತ ಅಕ್ಕ ಕೇಳಿದಳು. ಈ ಪ್ರಶ್ನೆಯನ್ನು ಅವಳು ಆಮೇಲೂ ತಿಂಗಳುಗಟ್ಟಲೆ ಕೇಳಿಕೊಂಡಳು. ಇಯರ್‌ಫೋನ್ ಹಾಕಿಕೊಂಡಿದ್ದಕ್ಕಾ, ನಿದ್ದೆ ಕೆಟ್ಟಿದ್ದಕ್ಕಾ, ಆ ವಾರ ಕೆಲಸ ಜಾಸ್ತಿಯಾಗಿದ್ದಕ್ಕಾ? ಡಾಕ್ಟರ್ ನೇರವಾಗಿ ಹೇಳಿದರು, ನೀವು ಏನೂ ಮಾಡಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಕಾರಣ ಸಿಗುವುದೇ ಇಲ್ಲ. ವೈರಸ್ ಇರಬಹುದು, ಒಳಗಿವಿಯ ರಕ್ತ ಸಂಚಾರ ನಿಂತಿರಬಹುದು, ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದಿರಬಹುದು. ಒಳಗಿವಿಗೆ ರಕ್ತ ಹೋಗುವುದು ಒಂದೇ ಒಂದು ಸಣ್ಣ ರಕ್ತನಾಳದಿಂದ, ಅದು ಕಟ್ಟಿದರೆ ಬೇರೆ ದಾರಿ ಇಲ್ಲ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ, ಒಳಗಿವಿಯ ಕಾಕ್ಲಿಯಾ ಅನ್ನುವ ಭಾಗದೊಳಗೆ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಸುಮಾರು 15,000 ಇವೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪೆಟ್ಟು ತಿಂದು ಇನ್ನೂ ಸಾಯದವುಗಳನ್ನು ಉಳಿಸಿಕೊಳ್ಳುವುದಕ್ಕೆ ಈ ಓಡಾಟ.

ತಲೆಯ ಸಿಟಿ ಸ್ಕ್ಯಾನ್, ರಾಶಿ ರಾಶಿ ರಕ್ತ ಪರೀಕ್ಷೆ ಯಾವುದನ್ನೂ ಬರೆಯಲಿಲ್ಲ. ಸ್ಟೀರಾಯ್ಡ್ ಕೊಡುವ ಮೊದಲು ಸಕ್ಕರೆ ಮತ್ತು ಬಿಪಿ ನೋಡಿದರು, ಅಷ್ಟೇ. ಎಂಆರ್‌ಐ ಮಾತ್ರ ಮಾಡಿಸಲೇಬೇಕು ಅಂದರು. ಹೀಗೆ ಒಂದು ಕಿವಿ ಹೋದ ನೂರು ಜನರಲ್ಲಿ ಕೆಲವರಿಗೆ ಕೇಳುವ ನರದ ಮೇಲೆ ಒಂದು ಗಡ್ಡೆ ಇರುತ್ತದೆ, ಅದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು, ಆದರೆ ಇದೆಯೋ ಇಲ್ಲವೋ ಗೊತ್ತಿರಬೇಕು. ಅಕ್ಕನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ರಿಪೋರ್ಟ್ ಬರುವ ತನಕ ಭಾವ ಊಟ ಸರಿಯಾಗಿ ಮಾಡಲಿಲ್ಲ.

ಮಾತ್ರೆ, ಆಮೇಲೆ ಸೂಜಿ

ಶನಿವಾರ ಸಂಜೆಯೇ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ತೂಕದ ಕಿಲೋಗೆ 1 ಮಿಲಿಗ್ರಾಂ ಲೆಕ್ಕ, ಆದರೆ ದಿನಕ್ಕೆ 60 ಮಿಲಿಗ್ರಾಂ ದಾಟುವ ಹಾಗಿಲ್ಲ. ಅಕ್ಕನಿಗೆ 60 ಬಂತು. ಮಾರನೇ ದಿನದಿಂದ ಬೆಳಗ್ಗೆ ತಿಂಡಿಯಾದ ಮೇಲೆ ಒಂದೇ ಸಲ. ಹತ್ತು ದಿನ ಪೂರ್ತಿ ಡೋಸ್, ಆಮೇಲೆ ಇಳಿಸುತ್ತಾ ಬರುವುದು. ನೀವೇ ನಿಲ್ಲಿಸಬೇಡಿ, ನೀವೇ ಹೆಚ್ಚಿಸಲೂಬೇಡಿ ಅಂತ ಎರಡು ಸಲ ಹೇಳಿದರು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನುಂಗಬೇಡಿ ಅಂತ ನಾನೂ ಹೇಳುತ್ತೇನೆ. ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆ ಹುಣ್ಣು ಇದ್ದವರಿಗೆ ಲೆಕ್ಕವೇ ಬೇರೆ.

ಡಾಕ್ಟರ್ ಒಂದು ವಿಷಯವನ್ನು ಮುಚ್ಚಿಡಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ. ಸ್ಟೀರಾಯ್ಡ್ ಖಂಡಿತ ಕೆಲಸ ಮಾಡುತ್ತದೆ ಅಂತ ಗಟ್ಟಿ ಪುರಾವೆ ಇಲ್ಲ, ಸುಮಾರು ಅರ್ಧದಷ್ಟು ಜನರಿಗೆ ಏನೂ ಮಾಡದಿದ್ದರೂ ಸ್ವಲ್ಪವಾದರೂ ಕಿವಿ ವಾಪಸ್ ಬರುತ್ತದೆ, ಆದರೆ ನೀವು ಯಾವ ಅರ್ಧದಲ್ಲಿದ್ದೀರಿ ಅಂತ ಮೊದಲೇ ಹೇಳಲು ಬರುವುದಿಲ್ಲ, ಮತ್ತು ಕೊಡುವುದಾದರೆ ಮೊದಲ ಎರಡು ವಾರದೊಳಗೇ ಕೊಡಬೇಕು ಅಂದರು. ಅಮೆರಿಕದ ಕಿವಿ ಮೂಗು ಗಂಟಲು ತಜ್ಞರ ಅಕಾಡೆಮಿ 2012ರಲ್ಲಿ ತಂದು 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಹೀಗೇ ಇದೆ. ಮೊದಲ ಎರಡು ವಾರದಲ್ಲಿ ಸ್ಟೀರಾಯ್ಡ್ ಒಂದು ಆಯ್ಕೆ. ವೈರಸ್ ವಿರುದ್ಧದ ಮಾತ್ರೆ, ರಕ್ತ ಸಂಚಾರ ಹೆಚ್ಚಿಸುವ ಮಾತ್ರೆ ಇವನ್ನು ಸುಮ್ಮನೆ ಎಲ್ಲರಿಗೂ ಕೊಡಬೇಡಿ ಅಂತ ಅದು ಹೇಳುತ್ತದೆ. ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಡುವ ಚಿಕಿತ್ಸೆಯನ್ನು ಸ್ಟೀರಾಯ್ಡ್ ಜೊತೆಗೆ ಪ್ರಯತ್ನಿಸಬಹುದು ಅನ್ನುತ್ತದೆ. ಅಕ್ಕನಿಗೆ ಅದನ್ನು ಮಾಡಿಸಲಿಲ್ಲ.

ಆ ಹತ್ತು ದಿನ ಅವಳು ಅವಳಾಗಿರಲಿಲ್ಲ. ರಾತ್ರಿ ನಿದ್ದೆ ಇಲ್ಲ. ಮೂರು ಗಂಟೆಗೆ ಎದ್ದು ಬೀರು ಖಾಲಿ ಮಾಡಿ ಬಟ್ಟೆ ಮಡಚುತ್ತಿದ್ದಳು. ಸಣ್ಣ ಮಾತಿಗೆ ಸಿಡುಕು, ಆಮೇಲೆ ಅಳು. ಕಿವಿಯ ದುಃಖವೋ ಮಾತ್ರೆಯ ಪರಿಣಾಮವೋ ನಮಗೆ ಬೇರೆ ಮಾಡಿ ನೋಡಲು ಆಗಲಿಲ್ಲ. ಎರಡೂ ಇದ್ದವು. ಮನೆಯವರಿಗೆ ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಜಗಳ ತಪ್ಪುತ್ತದೆ.

ಇಪ್ಪತ್ತನೇ ದಿನ ಎರಡನೇ ಆಡಿಯೋಗ್ರಾಂ. ಎಡಗಿವಿ ಸರಾಸರಿ 55. ಬರೀ ಹತ್ತು ಡೆಸಿಬಲ್! ಕಾರಿನಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ.

ಮಾತ್ರೆಯಿಂದ ಪೂರ್ತಿ ಬಾರದಿದ್ದರೆ ಎರಡರಿಂದ ಆರು ವಾರದೊಳಗೆ ಕಿವಿ ತಮಟೆಯ ಮೂಲಕ ನಡುಕಿವಿಗೇ ಸ್ಟೀರಾಯ್ಡ್ ಚುಚ್ಚುವ ದಾರಿ ಇದೆ. ಮಾರ್ಗಸೂಚಿ ಇದನ್ನು ಮಾತ್ರೆಗಿಂತ ಗಟ್ಟಿಯಾಗಿ ಶಿಫಾರಸು ಮಾಡುತ್ತದೆ. ಆದರೂ ಎಷ್ಟೋ ಜನ ಮಾತ್ರೆ ಮುಗಿದ ಕೂಡಲೇ ಇನ್ನೇನೂ ಇಲ್ಲ ಅಂತ ಕೈಚೆಲ್ಲುತ್ತಾರೆ. ದಯವಿಟ್ಟು ಕೇಳಿ. ಡಾಕ್ಟರ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಕಿವಿಗೆ ಸೂಜಿ ಅಂದ ಕೂಡಲೇ ಅಕ್ಕ ಬೆವೆತಳು. ನಡೆದಿದ್ದು ಹೀಗೆ: ಅವಳನ್ನು ಮಲಗಿಸಿ, ತಮಟೆಗೆ ಮರಗಟ್ಟಿಸುವ ಔಷಧ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ತೀರಾ ತೆಳ್ಳನೆಯ ಸೂಜಿಯಿಂದ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಬಿಟ್ಟರು. ಒಂದು ಕ್ಷಣ ಚುಳ್ ಅಂತು, ಆಮೇಲೆ ಕಿವಿ ತುಂಬಿದ ಹಾಗಾಗಿ ಒಂದೆರಡು ನಿಮಿಷ ತಲೆ ತಿರುಗಿತು. ಔಷಧ ಒಳಗೆ ನಿಲ್ಲಲಿ ಅಂತ ಎಡಗಿವಿ ಮೇಲೆ ಮಾಡಿಕೊಂಡು ಅರ್ಧ ಗಂಟೆ ಮಲಗಬೇಕು, ಆ ಹೊತ್ತಿನಲ್ಲಿ ಮಾತಾಡಬಾರದು, ಆದಷ್ಟು ಎಂಜಲು ನುಂಗಬಾರದು. ಹೀಗೆ ಎರಡು ವಾರದಲ್ಲಿ ನಾಲ್ಕು ಸಲ. ತಮಟೆಯ ಸಣ್ಣ ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ, ಕೆಲವರಿಗೆ ಉಳಿದುಬಿಡುವುದೂ ಇದೆ. ಅಕ್ಕನದು ಮುಚ್ಚಿಕೊಂಡಿತು.

ಮೂರನೇ ಸೂಜಿಯಾದ ಮೇಲೆ ಒಂದು ಬೆಳಗ್ಗೆ ದಿಂಬಿನ ಬಟ್ಟೆಗೆ ಎಡಗಿವಿ ಉಜ್ಜಿದ ಸದ್ದು ಕೇಳಿಸಿತಂತೆ. ಸರ್‌ಸರ್ ಅಂತ. ಎದ್ದು ಕೂತು ಮತ್ತೆ ಮತ್ತೆ ಉಜ್ಜಿ ನೋಡಿದಳಂತೆ. ಸೂಜಿಯೆಲ್ಲ ಮುಗಿದು ಒಂದು ವಾರಕ್ಕೆ ಆಡಿಯೋಗ್ರಾಂ ಮಾಡಿದಾಗ ಸರಾಸರಿ 42. ಆರು ತಿಂಗಳಿಗೆ 40, ಪದಗಳ ಪರೀಕ್ಷೆಯಲ್ಲಿ ನೂರಕ್ಕೆ 68. ತಗ್ಗಿನ ಸ್ವರಗಳು ಚೆನ್ನಾಗಿ ಬಂದಿವೆ, 4000 ಹರ್ಟ್ಸ್‌ನಲ್ಲಿ ಇನ್ನೂ 65ರಲ್ಲೇ ಇದೆ.

ಐದು ದಿನ ಮೊದಲೇ ಹೋಗಿದ್ದರೆ ಪೂರ್ತಿ ಬರುತ್ತಿತ್ತಾ? ಯಾರೂ ಹೇಳಲು ಆಗುವುದಿಲ್ಲ ಅಂದರು ಡಾಕ್ಟರ್. ಬೇಗ ಚಿಕಿತ್ಸೆ ಸಿಕ್ಕವರಿಗೆ ಫಲ ಹೆಚ್ಚು ಅನ್ನುವುದು ನಿಜ, ಆದರೆ ಅದು ಒಬ್ಬರ ಕಿವಿಯ ಬಗ್ಗೆ ಕೊಡುವ ಮಾತಲ್ಲ. ಅಕ್ಕ ಇದನ್ನು ಒಪ್ಪಿಕೊಂಡಿದ್ದಾಳೆ. ನನಗೆ ಇನ್ನೂ ಆಗಿಲ್ಲ.

ಒಂದೂವರೆ ಕಿವಿಯ ಬದುಕು

ಒಂದು ಕಿವಿ ಹೋದರೆ ಅರ್ಧ ಕೇಳಿಸುತ್ತದೆ ಅಂತ ನಾನು ಅಂದುಕೊಂಡಿದ್ದೆ. ತಪ್ಪು. ನಿಶ್ಶಬ್ದ ಕೋಣೆಯಲ್ಲಿ ಎದುರಿಗೆ ಕೂತು ಮಾತಾಡಿದರೆ ಅಕ್ಕನಿಗೆ ಏನೂ ತೊಂದರೆ ಇಲ್ಲ, ಎಲ್ಲವೂ ಕೇಳಿಸುತ್ತದೆ. ಅದಕ್ಕೇ ಜನ ನಂಬುವುದಿಲ್ಲ. "ಈಗ ತಾನೆ ಎಲ್ಲ ಕೇಳಿಸ್ತಿತ್ತಲ್ಲ?" ಅನ್ನುತ್ತಾರೆ. ಹೋಗಿದ್ದು ಮುಖ್ಯವಾಗಿ ಎರಡು: ಸದ್ದು ಯಾವ ಕಡೆಯಿಂದ ಬಂತು ಅನ್ನುವ ಅಂದಾಜು, ಮತ್ತು ಗದ್ದಲದಲ್ಲಿ ಒಬ್ಬರ ಮಾತನ್ನು ಬೇರೆ ಮಾಡಿ ಹಿಡಿಯುವ ಶಕ್ತಿ.

ದಿಕ್ಕು ಗೊತ್ತಾಗುವುದು ಎರಡು ಕಿವಿ ಇರುವುದರಿಂದ. ಬಲಗಡೆಯ ಸದ್ದು ಬಲಗಿವಿಗೆ ಸ್ವಲ್ಪ ಮೊದಲು, ಸ್ವಲ್ಪ ಜೋರಾಗಿ ಮುಟ್ಟುತ್ತದೆ. ಆ ವ್ಯತ್ಯಾಸ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಆದರೆ ಮಿದುಳಿಗೆ ಅಷ್ಟು ಸಾಕು. ಒಂದು ಕಿವಿ ಸೋತರೆ ಹೋಲಿಸಲು ಇನ್ನೊಂದು ಸರಿಯಾಗಿ ಇರುವುದಿಲ್ಲ. ಆಗ ಎಲ್ಲ ಸದ್ದೂ ಒಂದೇ ಕಡೆಯಿಂದ ಬಂದ ಹಾಗೆ. ಮೊದಲ ತಿಂಗಳುಗಳಲ್ಲಿ ಮನೆಯಲ್ಲಿ ಫೋನ್ ರಿಂಗ್ ಆದರೆ ಅಕ್ಕ ಕೋಣೆಯಿಂದ ಕೋಣೆಗೆ ಹುಡುಕುತ್ತಿದ್ದಳು. ರಸ್ತೆಯಲ್ಲಿ ಹಾರ್ನ್ ಕೇಳಿಸಿದರೆ ಅದು ಹಿಂದೋ ಮುಂದೋ ಗೊತ್ತಾಗದೆ ನಿಂತಲ್ಲೇ ನಿಲ್ಲುತ್ತಿದ್ದಳು. ಅದು ನಿಜವಾಗಿಯೂ ಅಪಾಯ. ಈಗ ಕಣ್ಣಿಂದ ನೋಡದೆ ಒಂದು ಹೆಜ್ಜೆಯೂ ಇಡುವುದಿಲ್ಲ. ರಸ್ತೆ ದಾಟುವಾಗ ಯಾವ ಸದ್ದನ್ನೂ ನಂಬುವುದಿಲ್ಲ.

ಇನ್ನೊಂದು, ತಲೆಯೇ ಅಡ್ಡ ನಿಲ್ಲುತ್ತದೆ. ಎಡಗಡೆ ಕೂತವರ ಮಾತು ಬಲಗಿವಿಗೆ ಬರಬೇಕಾದರೆ ತಲೆಯನ್ನು ಸುತ್ತಿಕೊಂಡು ಬರಬೇಕು. ದಪ್ಪ ಸ್ವರಗಳು ಹೇಗೋ ಬಳಸಿಕೊಂಡು ಬರುತ್ತವೆ, ಸಣ್ಣ ಚೂಪು ಸದ್ದುಗಳು ತಡೆಯಲ್ಲೇ ನಿಂತುಬಿಡುತ್ತವೆ. ಸ, ಶ, ಕ, ತ, ಪ ಇವೆಲ್ಲ ಅಂಥವು. ಕಾಲು, ಹಾಲು, ಸಾಲು, ಪಾಲು, ನಾಲ್ಕೂ ಅವಳಿಗೆ "ಆಲು" ಅಂತ ಬರುತ್ತವೆ. ಮಾತಾಡಿದ್ದು ಕೇಳಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ಉಳಿದಿದ್ದನ್ನು ಮಿದುಳು ಊಹೆ ಮಾಡಬೇಕು. ಇಡೀ ದಿನ ಹೀಗೆ ಊಹೆ ಮಾಡಿ ಮಾಡಿ ಸಂಜೆಗೆ ಅಕ್ಕ ಸುಸ್ತಾಗಿ ಸೋಫಾದಲ್ಲಿ ಬಿದ್ದುಕೊಳ್ಳುತ್ತಿದ್ದಳು. ಅದನ್ನು ಸೋಮಾರಿತನ ಅಥವಾ ಬೇಜಾರು ಅಂತ ತಿಳಿಯಬೇಡಿ. ಕೇಳಿಸಿಕೊಳ್ಳುವುದೇ ಅವಳಿಗೆ ಒಂದು ದುಡಿಮೆಯಾಗಿತ್ತು.

ವಿಚಿತ್ರ ಅಂದರೆ ಕೇಳಿಸದ ಕಿವಿಗೇ ಜೋರು ಸದ್ದು ಚುಚ್ಚುತ್ತಿತ್ತು. ಸಣ್ಣ ಸದ್ದು ಇಲ್ಲವೇ ಇಲ್ಲ, ಸ್ವಲ್ಪ ಜಾಸ್ತಿಯಾದರೆ ತಡೆಯಲಾರದಷ್ಟು. ಶಾಲೆಯ ಗಂಟೆ ಹೊಡೆದರೆ ಎಡಗಿವಿ ಮುಚ್ಚಿಕೊಳ್ಳುತ್ತಿದ್ದಳು. ಹಾಗೆಯೇ ಒಂದೇ ಸ್ವರ ಎರಡು ಕಿವಿಯಲ್ಲಿ ಎರಡು ಶ್ರುತಿಯಲ್ಲಿ ಬರುತ್ತಿತ್ತು. ಮಕ್ಕಳು ಪ್ರಾರ್ಥನೆ ಹಾಡಿದರೆ ಅವಳಿಗೆ ಅಪಸ್ವರ. ಎರಡೂ ಒಳಗಿವಿಯ ಪೆಟ್ಟಿನಿಂದಲೇ ಆಗುವಂಥವು, ಹುಚ್ಚು ಹಿಡಿಯುತ್ತಿಲ್ಲ ಅಂತ ಆಡಿಯಾಲಜಿಸ್ಟ್ ಹೇಳಿದಾಗ ಅವಳಿಗೆ ಎಷ್ಟು ಸಮಾಧಾನವಾಯಿತು ಅಂದರೆ, ಆ ಸಂಜೆ ತಾನಾಗಿಯೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅಲ್ಲಿಯವರೆಗೆ ಅಮ್ಮನಿಗೆ ವಿಷಯವೇ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಗಿದ್ದು ಜಾಗದಿಂದ. ತರಗತಿಯಲ್ಲಿ ಅವಳು ಬೋರ್ಡಿನ ಮಧ್ಯೆ ನಿಂತು ಪಾಠ ಮಾಡುತ್ತಿದ್ದಳು. ಎಡಗಡೆಯ ಮಕ್ಕಳು ಕೈ ಎತ್ತದೆ ಪ್ರಶ್ನೆ ಕೇಳಿದರೆ ಸಿಗುತ್ತಲೇ ಇರಲಿಲ್ಲ. ಒಂದು ಹುಡುಗ ಮೂರು ಸಲ ಕೇಳಿ, ಮೇಡಂಗೆ ನನ್ನ ಮೇಲೆ ಕೋಪ ಅಂತ ಮನೆಯಲ್ಲಿ ಅತ್ತನಂತೆ. ಅವತ್ತು ಅವಳು ತುಂಬಾ ನೊಂದುಕೊಂಡಳು. ಮಾರನೇ ದಿನ ಮಕ್ಕಳಿಗೆ ಹೇಳಿಯೇಬಿಟ್ಟಳು, ನನ್ನ ಈ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಕೈ ಎತ್ತಿ, ನಾನು ನೋಡಿದ ಮೇಲೆ ಮಾತಾಡಿ ಅಂತ. ಮತ್ತು ನಿಲ್ಲುವ ಜಾಗ ಬದಲಿಸಿದಳು. ಮಕ್ಕಳ ಕಡೆ ಮುಖ ಮಾಡಿ ನಿಂತಾಗ ಎಡಗಿವಿ ಪಕ್ಕದ ಗೋಡೆಗೆ ಬರುವ ಹಾಗೆ ಮೂಲೆಗೆ ಸರಿದಳು. ಈಗ ಇಡೀ ತರಗತಿ ಅವಳ ಎದುರಿಗೆ ಮತ್ತು ಬಲಕ್ಕೆ. ಮಕ್ಕಳು ದೊಡ್ಡವರಿಗಿಂತ ಬೇಗ ಕಲಿತರು. ಎರಡು ದಿನದಲ್ಲಿ ಅಭ್ಯಾಸವಾಯಿತು.

ಮೀಟಿಂಗಿನಲ್ಲೂ ಹೀಗೇ. ಮೊದಲೇ ಹೋಗಿ ಮೇಜಿನ ಎಡತುದಿಯ ಕುರ್ಚಿ ಹಿಡಿಯುತ್ತಾಳೆ. ನಡೆಯುವಾಗ ನಾವು ಅವಳ ಬಲಕ್ಕೆ. ಕಾರಿನಲ್ಲಿ ಅವಳ ಜಾಗ ಯಾವುದು ಅಂತ ಈಗ ನಿಗದಿ. ಮಲಗುವಾಗ ಒಳ್ಳೆಯ ಕಿವಿ ದಿಂಬಿಗೆ ಒತ್ತಿದರೆ ಅಲಾರಂ ಕೇಳಿಸುವುದಿಲ್ಲ, ಹಾಗಾಗಿ ನಡುಗುವ ಅಲಾರಂ ದಿಂಬಿನ ಕೆಳಗೆ.

ಮನೆಯಲ್ಲಿ ಕಲಿಯುವುದು ಜಾಸ್ತಿ ಇತ್ತು, ನಿಧಾನವೂ ಆಯಿತು. ಭಾವ ಒಳ್ಳೆಯವರು, ಆದರೆ ಇನ್ನೊಂದು ಕೋಣೆಯಿಂದ ಕೂಗಿ ಮಾತಾಡುವುದು ಅವರ ಇಪ್ಪತ್ತು ವರ್ಷದ ಅಭ್ಯಾಸ. ಉತ್ತರ ಬರದಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದರು, ಆಮೇಲೆ "ಎಷ್ಟು ಸಲ ಕರೀಬೇಕು?" ಅಂತ ಬರುತ್ತಿದ್ದರು. ಒಂದು ಸಂಜೆ ಅಕ್ಕ ಹೇಳಿದಳು:

"ರೀ, ನನಗೆ ನಿಮ್ಮ ದನಿ ಬೇಕಾಗಿಲ್ಲ, ನಿಮ್ಮ ಮುಖ ಬೇಕು. ಎದುರಿಗೆ ಬಂದು ಮಾತಾಡಿ."

ಕೂಗುವುದರಿಂದ ಏನೂ ಉಪಯೋಗವಿಲ್ಲ ಅಂತ ನನಗೂ ಅವತ್ತೇ ಗೊತ್ತಾಗಿದ್ದು. ಕೂಗಿದರೆ ಸ್ವರ ಜೋರಾಗುತ್ತದೆಯೇ ಹೊರತು ವ್ಯಂಜನ ಬಿಡಿಬಿಡಿಯಾಗುವುದಿಲ್ಲ. ಹತ್ತಿರ ಬರುವುದು, ಮೊದಲು ಹೆಸರು ಹಿಡಿದು ಕರೆಯುವುದು, ಟಿವಿ ಸದ್ದು ತಗ್ಗಿಸುವುದು, ಸ್ವಲ್ಪ ನಿಧಾನ ಮಾತಾಡುವುದು, ತಿಳಿಯದಿದ್ದರೆ ಅದೇ ಮಾತನ್ನು ಮತ್ತೆ ಹೇಳದೆ ಬೇರೆ ಪದದಲ್ಲಿ ಹೇಳುವುದು, ಇವು ಕೆಲಸಕ್ಕೆ ಬರುತ್ತವೆ. "ಬಿಡು, ಏನಿಲ್ಲ" ಅನ್ನುವ ಮಾತನ್ನು ಮಾತ್ರ ದಯವಿಟ್ಟು ಆಡಬೇಡಿ. ಅಕ್ಕನಿಗೆ ಕಿವಿ ಹೋಗಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಆ ಮಾತು. ಎಲ್ಲರೂ ನಕ್ಕಾಗ ಯಾಕೆ ಅಂತ ಕೇಳಿದವಳಿಗೆ ಏನಿಲ್ಲ ಅಂದರೆ, ನೀನು ಈ ಮಾತಿನ ಹೊರಗೆ ಇರು ಅಂದ ಹಾಗೆ ಅಲ್ವಾ? ಎರಡನೇ ತಿಂಗಳಿನಲ್ಲಿ ಅವಳು ಎಲ್ಲಿಗೂ ಬರುವುದನ್ನೇ ಬಿಟ್ಟಿದ್ದಳು. ತಲೆನೋವು ಅನ್ನುತ್ತಿದ್ದಳು. ತಲೆನೋವು ಇರಲಿಲ್ಲ.

ಗುಂಯ್ ಸದ್ದು ಮತ್ತು ಮಿಷನ್

ಕಿವಿಯೊಳಗಿನ ಗುಂಯ್ ಹಗಲು ಹೇಗೋ ನಡೆಯುತ್ತಿತ್ತು, ರಾತ್ರಿ ಮನೆ ಮಲಗಿದ ಮೇಲೆ ಅದೊಂದೇ ಎದ್ದು ಕೂರುತ್ತಿತ್ತು. ಹೊರಗಿನ ಸದ್ದು ಬರುವುದು ಕಡಿಮೆಯಾದಾಗ ಮಿದುಳು ತನ್ನ ಕಡೆಯಿಂದ ದನಿ ಏರಿಸಿಕೊಳ್ಳುತ್ತದೆ ಅಂತ ವಿವರಿಸಿದರು. ಅದಕ್ಕೆ ಪೂರ್ತಿ ಮೌನ ಒಳ್ಳೆಯದಲ್ಲ. ಫ್ಯಾನಿನ ಸದ್ದು ಅಥವಾ ಫೋನಿನಲ್ಲಿ ಮಳೆಯ ಸದ್ದು ಸಣ್ಣಗೆ ಹಾಕಿಕೊಂಡು ಮಲಗುವುದನ್ನು ಕಲಿತಳು. ಗುಂಯ್ ಮುಳುಗಿಹೋಗುವಷ್ಟು ಜೋರಾಗಿ ಬೇಡ, ಅದರ ಜೊತೆಗೆ ಇರುವಷ್ಟು ಸಾಕು. ಅದನ್ನು ಓಡಿಸುವ ಮಾತ್ರೆ ಇಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾವು ಅದರ ಹಿಂದೆ ಅಲೆಯುತ್ತಿದ್ದೆವು.

ಮೂರನೇ ತಿಂಗಳಿನಲ್ಲಿ ಕಿವಿ ಮಿಷನ್ ಪ್ರಯತ್ನಿಸಿದೆವು. ಎಡಗಿವಿಯಲ್ಲಿ ಅಷ್ಟಿಷ್ಟು ಉಳಿದಿದ್ದರಿಂದ ಸಾಮಾನ್ಯ ಮಿಷನ್ನೇ ಸಾಕಾಯಿತು. ಒಂದು ಕಿವಿ ಏನೂ ಉಪಯೋಗಕ್ಕೆ ಬಾರದಷ್ಟು ಹೋಗಿದ್ದರೆ ದಾರಿ ಬೇರೆ. ಕೆಟ್ಟ ಕಿವಿಯ ಕಡೆ ಮೈಕ್ ಇಟ್ಟು ಸದ್ದನ್ನು ಒಳ್ಳೆಯ ಕಿವಿಗೆ ಕಳಿಸುವ ಕ್ರಾಸ್ ಮಿಷನ್ ಇದೆ, ಮೂಳೆಯ ಮೂಲಕ ಸದ್ದು ಸಾಗಿಸುವ ಉಪಕರಣ ಇದೆ. ಅವುಗಳಿಂದ ಆ ಕಡೆಯ ಮಾತು ಸಿಗುತ್ತದೆ, ದಿಕ್ಕು ವಾಪಸ್ ಬರುವುದಿಲ್ಲ, ಯಾಕೆಂದರೆ ಕೇಳುವುದು ಒಂದೇ ಕಿವಿ. ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಮಾತ್ರ ಸತ್ತ ಕಿವಿಯ ಕಡೆಯಿಂದಲೇ ನರಕ್ಕೆ ಸಂಕೇತ ಕಳಿಸುತ್ತದೆ. ಒಂದೇ ಕಿವಿಯ ಕಿವುಡಿಗೂ ಅದನ್ನು ಬಳಸಲು, ಔಷಧ ಮತ್ತು ವೈದ್ಯಕೀಯ ಉಪಕರಣಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು.

ಮಿಷನ್ ಹಾಕಿದ ಮೊದಲ ವಾರ ಅಕ್ಕ ಅದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಕಾಗದ ಮಡಚಿದರೆ ಕಿವಿಯಲ್ಲಿ ಬಿರುಗಾಳಿ, ತಟ್ಟೆ ಇಟ್ಟರೆ ಸಿಡಿಲು. ಆಡಿಯಾಲಜಿಸ್ಟ್ ಹತ್ತಿರ ನಾಲ್ಕು ಸಲ ಹೋಗಿ ಹೊಂದಿಸಿಕೊಂಡು ಬಂದೆವು, ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ ಏರಿಸಿದೆವು. ಆರು ವಾರ ಹಿಡಿಯಿತು. ಮಿಷನ್ ಹಾಕಿಕೊಂಡಾಗ ಗುಂಯ್ ಕೂಡ ಹಿಂದೆ ಸರಿಯುತ್ತದೆ, ಅದು ನಾವು ಎಣಿಸದ ಲಾಭ. ಮೊದಲ ವಾರದಲ್ಲೇ ಬೇಡ ಅಂತ ಮೂಲೆಗೆ ಎಸೆಯುವವರಿಗೆ ನಾನು ಹೇಳುವುದು ಇಷ್ಟೇ, ಹೊಂದಿಸಿಕೊಳ್ಳಲು ಮತ್ತೆ ಹೋಗಿ.

ಆರು ತಿಂಗಳ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಹೀಗಿದೆ. ಎಡಗಿವಿ 40 ಡೆಸಿಬಲ್, ಬಲಗಿವಿ 15. ಫೋನ್ ಬಲಗಿವಿಗೆ. ಸದ್ದಿನ ದಿಕ್ಕು ಮಿಷನ್ ಹಾಕಿದಾಗ ಹತ್ತರಲ್ಲಿ ಆರೇಳು ಸಲ ಸರಿ. ಗುಂಯ್ ಇದೆ, ನಿದ್ದೆ ಕೆಡಿಸುವುದಿಲ್ಲ. ಜೋರು ಸದ್ದಿನ ಜಾಗಕ್ಕೆ ಹೋದರೆ ಬಲಗಿವಿಗೆ ಪ್ಲಗ್ ಹಾಕಿಕೊಳ್ಳುತ್ತಾಳೆ, ಆಗ ಮಾತು ಕೇಳಿಸದಿದ್ದರೂ ಪರವಾಗಿಲ್ಲ ಅನ್ನುತ್ತಾಳೆ. ಬಲಗಿವಿ ಒಂದು ದಿನ ಸ್ವಲ್ಪ ಕಟ್ಟಿದ ಹಾಗಾದರೂ ಅವತ್ತೇ ಆಡಿಯೋಗ್ರಾಂಗೆ ಹೋಗುವುದು ಅಂತ ನಾವು ಮನೆಯವರೆಲ್ಲ ಮಾತಾಡಿಕೊಂಡಿದ್ದೇವೆ, ಇಎನ್‌ಟಿ ಡಾಕ್ಟರ ನಂಬರ್ ಎಲ್ಲರ ಫೋನಿನಲ್ಲೂ ಇದೆ. ಕಳೆದ ವಾರ ನಮ್ಮ ಮನೆಗೆ ಎಲ್ಲರೂ ಬಂದಿದ್ದರು. ಹನ್ನೆರಡು ಜನ, ಒಂದೇ ಕೋಣೆ, ಎಲ್ಲರದ್ದೂ ಮಾತು. ಅಕ್ಕನ ಮಗಳು ನಾನು ಹೇಳುವ ಮೊದಲೇ ಎಡಗಡೆ ಗೋಡೆ ಬರುವ ಹಾಗೆ ಒಂದು ಕುರ್ಚಿ ಎಳೆದಿಟ್ಟಳು. ಅಕ್ಕ ಅದರಲ್ಲಿ ಕೂತಳು, ಎರಡು ಗಂಟೆ ಕೂತಿದ್ದಳು, ಆಮೇಲೆ ಸುಸ್ತಾಯಿತು ಅಂತ ಹೇಳಿ ಒಳಗೆ ಹೋಗಿ ಮಿಷನ್ ತೆಗೆದಿಟ್ಟು ಮಲಗಿದಳು.